ಗುಂಡಿಗೆ ಮರಿ ಬೇಕೇ?

ಮೂರು ದಿನದಿಂದ ಟೈಲರ್ ಅಂಗಡಿಯ ಮುಂದೆ ಗಿರಾಕಿಗಳಿಗಿಂತ ಗಂಡು ನಾಯಿಗಳೇ ಹೆಚ್ಚಾಗಿದ್ದವು. ಒಂದು ಮೆಟ್ಟಿಲ ಮೇಲೆ, ಒಂದು ಚರಂಡಿಯ ಕಲ್ಲಿನ ಮೇಲೆ, ಇನ್ನೆರಡು ಸೈಕಲ್ ನಿಲ್ಲಿಸುವ ಜಾಗದಲ್ಲಿ. ಪ್ಯಾಂಟಿಗೆ ಅಳತೆ ಕೊಡಲು ಬಂದವರು ಅವುಗಳನ್ನು ದಾಟಿಕೊಂಡೇ ಒಳಗೆ ಬರಬೇಕಾಗಿತ್ತು. ಅಂಗಡಿಯ ಹಿಂದಿನ ಮನೆಯಲ್ಲಿ ಗುಂಡಿ ಬೆದೆಗೆ ಬಂದಿದ್ದಳು.

ಗುಂಡಿ ಎಂದರೆ ಟೈಲರ್ ಮನೆಯ ಹೆಣ್ಣು ನಾಯಿ. ಕೋಟಿನ ಗುಂಡಿಯಂಥ ಕಣ್ಣು ಎಂದು ಆ ಹೆಸರಿಟ್ಟವಳು ಅವನ ಹೆಂಡತಿ. ಬೇಕರಿಯವನ ಮನೆಯಲ್ಲಿ ತಾಯಿಯ ಹಾಲು ಸಾಲದೆ ಸೊರಗಿದ್ದ ಮರಿಯನ್ನು ತಂದು, ಬಾಟಲಿಯಲ್ಲಿ ಹಾಲು ಕುಡಿಸಿ, ಮಡಿಲಲ್ಲಿಟ್ಟುಕೊಂಡು ಬೆಳೆಸಿದ್ದಳು. ಗುಂಡಿಗೆ ಈಗ ನಾಲ್ಕು ವರ್ಷ. ಬೆಳೆಸಿದವಳು ತೀರಿಕೊಂಡು ಒಂದು ವರ್ಷ ಎರಡು ತಿಂಗಳು.

ಅಂದು ಬೆಳಿಗ್ಗೆ ಟೈಲರ್‌ನ ಬಾವಮೈದುನ ಬಂದ. ಸೈಕಲ್ ರಿಪೇರಿಯವನು, ಬಾಯಿಗೆ ಬಿಡುವಿಲ್ಲದವನು.

"ಏನ್ ಭಾವ, ಬಾಗಿಲಲ್ಲಿ ಅಳಿಯಂದಿರು ಸಾಲುಗಟ್ಟಿ ನಿಂತಿದ್ದಾರೆ? ಇವರೆಲ್ಲ ಬೇಡ. ನಮ್ಮ ಸಾಹುಕಾರ ಇದ್ದಾನಲ್ಲ, ನಾಡಿದ್ದು ಕರ್ಕೊಂಡು ಬರ್ತೀನಿ."

ಸಾಹುಕಾರ ಅವನು ಸಾಕಿದ ಗಂಡು ನಾಯಿ.

"ನಿನ್ನ ಸಾಹುಕಾರ ಮೊನ್ನೆ ಪೋಸ್ಟ್‌ಮ್ಯಾನ್ ಕಾಲಿಗೆ ಬಾಯಿ ಹಾಕಿದನಂತೆ?"

"ಅದು ಗತ್ತು ಭಾವ. ಮರಿಗಳಿಗೂ ಸ್ವಲ್ಪ ಗತ್ತು ಬರ್ಲಿ ಬಿಡಿ. ಹೆಣ್ಣು ನಾಯಿ ಒಂದ್ಸಲನಾದ್ರೂ ಈಯಬೇಕು, ಇಲ್ಲಾಂದ್ರೆ ಗರ್ಭ ಕೆಡುತ್ತೆ ಅಂತಾರೆ."

"ಯಾರು ಮಾವ ಹಾಗನ್ನೋದು?" ಔಷಧಿ ಅಂಗಡಿಯ ಕೆಲಸಕ್ಕೆ ಹೊರಟಿದ್ದ ಮಗಳು ಬಾಗಿಲಲ್ಲೇ ನಿಂತು ಕೇಳಿದಳು. "ಡಾಕ್ಟರಾ, ಪಂಕ್ಚರ್ ಹಾಕಿಸೋಕೆ ಬಂದೋರಾ?" ಆಮೇಲೆ ಟೈಲರ್ ಕಡೆ ತಿರುಗಿದಳು. "ಅಪ್ಪ, ಮರಿ ಮಾಡಿಸೋ ಮುಂಚೆ ಡಾಕ್ಟರಮ್ಮಂಗೆ ಒಂದ್ಸಲ ತೋರಿಸೋಣ."

"ಜ್ವರ ಇಲ್ಲ, ಕೆಮ್ಮಿಲ್ಲ. ತೋರಿಸೋಕೆ ಏನಿದೆ?"

"ಅಳತೆ ತಗೊಳ್ದೆ ಬಟ್ಟೆಗೆ ಕತ್ತರಿ ಹಾಕ್ತೀಯಾ ನೀನು?"

ಟೈಲರ್ ಕತ್ತರಿ ಕೆಳಗಿಟ್ಟು ಸರಿ ಎಂದ. ಅವನ ಮನಸ್ಸಿನಲ್ಲಿದ್ದುದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೆಂಡತಿ ಕೈಯಾರೆ ಬೆಳೆಸಿದ ಜೀವ ಅಂತ ಉಳಿದಿರುವುದು ಇದೊಂದೇ. ನಾಯಿಗೆಷ್ಟು ಆಯಸ್ಸು? ಇನ್ನು ಏಳೆಂಟು ವರ್ಷ. ಇದರದ್ದೊಂದು ಮರಿ ಮನೆಯಲ್ಲಿ ಓಡಾಡುತ್ತಿದ್ದರೆ ಅವಳು ಪೂರ್ತಿ ಹೋಗಲಿಲ್ಲ ಅಂದುಕೊಳ್ಳಬಹುದಿತ್ತು.

ಮಾರನೆಯ ದಿನ ತಂದೆ ಮಗಳು ಗುಂಡಿಯನ್ನು ಆಟೋದಲ್ಲಿ ಕೂರಿಸಿಕೊಂಡು ಪಶು ಆಸ್ಪತ್ರೆಗೆ ಹೋದರು. ಡಾಕ್ಟರಮ್ಮ ಹೆಸರು ಬರೆದುಕೊಳ್ಳುತ್ತ ಕೇಳಿದರು, "ಅಂಗಿ ಗುಂಡಿನೋ, ರಸ್ತೆ ಗುಂಡಿನೋ?"

"ಕೋಟಿಂದು, ಅಮ್ಮ."

ಕಣ್ಣು, ಕಿವಿ, ಹಲ್ಲು ನೋಡಿದರು. ಎದೆಗೆ ಕೊಳವೆ ಇಟ್ಟು ಕೇಳಿದರು. ಲಸಿಕೆಯ ಚೀಟಿ ತಿರುವಿದರು. "ಸ್ವಭಾವ ಬೆಣ್ಣೆ. ಎಲ್ಲಿ, ವರಾಂಡದಲ್ಲಿ ಸ್ವಲ್ಪ ಓಡಿಸಿ ನೋಡೋಣ."

ಮಗಳು ಆ ತುದಿಯಿಂದ ಕೂಗಿದಳು. ಗುಂಡಿ ಹಿಂದಿನ ಎರಡು ಕಾಲನ್ನೂ ಜೋಡಿಸಿ ಕುಪ್ಪಳಿಸುತ್ತ ಓಡಿದಳು. ಟೈಲರ್ ನಕ್ಕ. "ನೋಡಿ, ಥೇಟ್ ಮೊಲ. ಇದನ್ನ ನೋಡೋಕೇ ಬೀದಿ ಮಕ್ಕಳೆಲ್ಲ ಬರ್ತಾರೆ."

ಡಾಕ್ಟರಮ್ಮ ನಗಲಿಲ್ಲ. "ಮನೇಲಿ ಮೆಟ್ಟಿಲು ಹತ್ತುತ್ತಾಳಾ?"

"ಇಲ್ಲಮ್ಮ. ಅದಕ್ಕೇ ಹಲಗೆ ಇಳಿಜಾರಾಗಿ ಹಾಕಿದ್ದೀನಿ."

"ಮಂಚ?"

"ಮಂಚದ ಕಾಲು ಕೊಯ್ಸಿದೆ. ಈಗ ಸಲೀಸಾಗಿ ಹತ್ತಿ ಮಲಗ್ತಾಳೆ."

"ನೆಲ ಜಾರುತ್ತಾ?"

"ಅಂಗಡಿಯಿಂದ ಅಡುಗೆಮನೆವರೆಗೂ ದಪ್ಪ ಬಟ್ಟೆ ಹಾಸಿದ್ದೀವಿ. ನಮ್ಮನೆಯವಳು ಶುರು ಮಾಡಿದ್ದು, ಮಿಕ್ಕಿದ್ದು ನಾನೇ ಹೊಲಿದೆ. ಊಟದ ಬಟ್ಟಲಿಗೂ ಎತ್ತರದ ಪೀಠ ಮಾಡಿದ್ದೀನಿ, ಬಗ್ಗೋದು ಅವಳಿಗೆ ಇಷ್ಟ ಇಲ್ಲ."

ಹೇಳುವಾಗ ಅವನ ದನಿಯಲ್ಲಿ ಸಣ್ಣ ಹೆಮ್ಮೆ ಇತ್ತು. ಒಂದು ಭುಜ ತಗ್ಗಿದ ಗಿರಾಕಿ ಬಂದರೆ ಒಳಗೊಂದು ಪ್ಯಾಡ್ ಇಟ್ಟು ಸಮ ಮಾಡುವುದು, ಗೂನಿದ್ದರೆ ಬೆನ್ನಿಗೆ ಬಟ್ಟೆ ಬಿಟ್ಟು ಹೊಲಿಯುವುದು, ಮೂವತ್ತು ವರ್ಷದಿಂದ ಅವನ ಕೈ ಮಾಡಿಕೊಂಡು ಬಂದದ್ದು ಅದನ್ನೇ. ಗುಂಡಿಗಾಗಿ ಇಡೀ ಮನೆಯನ್ನೇ ಹಾಗೆ ಆಲ್ಟ್ರೇಷನ್ ಮಾಡಿಬಿಟ್ಟಿದ್ದ. ಯಾಕೆ ಮಾಡಬೇಕಾಯಿತು ಎಂದು ಮಾತ್ರ ಕೇಳಿಕೊಂಡಿರಲಿಲ್ಲ.

"ಯಜಮಾನ್ರೇ," ಡಾಕ್ಟರಮ್ಮ ಮೆತ್ತಗೆ ಹೇಳಿದರು, "ಅವಳಿಗೆ ಇಷ್ಟ ಇಲ್ಲ ಅಂದ್ಕೊಂಡಿದ್ದೀರಲ್ಲ, ಅದೆಲ್ಲ ಅವಳಿಗೆ ಆಗ್ತಿಲ್ಲ."

ಎಕ್ಸ್‌ರೇ ತೆಗೆಸಿದರು. ದೀಪದ ಮುಂದೆ ಹಿಡಿದು, ಸೊಂಟದ ಕೀಲನ್ನು ಬೆರಳಲ್ಲಿ ತೋರಿಸಿದರು. ತೊಡೆಯ ಮೂಳೆಯ ತುದಿ ಉಂಡೆಯಂತಿರುತ್ತದೆ, ಅದು ಸೊಂಟದ ಬಟ್ಟಲಲ್ಲಿ ಬಿಗಿಯಾಗಿ ಕೂರಬೇಕು, ಇಲ್ಲಿ ಬಟ್ಟಲೇ ಆಳವಿಲ್ಲ ಎಂದರು. ಟೈಲರ್ ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದ.

"ಕಾಜ ಸಡಿಲ," ಅಂದ. "ಗುಂಡಿ ನಿಲ್ತಾ ಇಲ್ಲ."

"ಅಷ್ಟೇ. ಹೆಜ್ಜೆ ಇಟ್ಟಾಗೆಲ್ಲ ಜಾರುತ್ತೆ, ಸವೆಯುತ್ತೆ, ನೋಯುತ್ತೆ. ನೋವಿಗೆ ಮಾತ್ರೆ ಕೊಡ್ತೀನಿ, ತೂಕ ಏರದ ಹಾಗೆ ನೋಡ್ಕೊಳ್ಳಿ, ಚೆನ್ನಾಗೇ ಬದುಕ್ತಾಳೆ. ಮರಿ ಮಾತ್ರ ಬೇಡ. ಇದು ರಕ್ತದಲ್ಲಿ ಇಳಿದು ಬರುತ್ತೆ."

"ಎಲ್ಲ ಮರಿಗೂ ಬರುತ್ತಾ?"

"ಎಲ್ಲಕ್ಕೂ ಬರಲ್ಲ. ಯಾವುದಕ್ಕೆ ಬರುತ್ತೆ ಅಂತ ಹುಟ್ಟಿದಾಗ ನಿಮಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ."

"ಈಯದಿದ್ರೆ ಗರ್ಭ ಕೆಡುತ್ತಂತಲ್ಲ?"

"ಅದು ಸುಳ್ಳು. ಒಂದು ಮರಿನೂ ಹಾಕದೆ ನಾಯಿ ಆರೋಗ್ಯವಾಗಿರುತ್ತೆ. ಆಪರೇಷನ್ ಮಾಡಿಸಿದ್ರೆ ಗರ್ಭಕೋಶಕ್ಕೆ ಕೀವು ತುಂಬೋ ಭಯಾನೂ ಇರಲ್ಲ."

ಟೈಲರ್ ತಲೆ ತಗ್ಗಿಸಿದ. "ಒಂದೇ ಸಲ ಅಮ್ಮ. ನನಗೆ ಒಂದು ಮರಿ ಸಾಕು."

"ನಿಮಗೆ ಒಂದು ಸಾಕು. ಅವಳು ಆರೋ ಏಳೋ ಹಾಕ್ತಾಳೆ. ಹೊಟ್ಟೆ ಭಾರಾನೂ ಅದೇ ಸೊಂಟದ ಮೇಲೆ ಹೊರ್ತಾಳೆ." ಸ್ವಲ್ಪ ತಡೆದು ಹೇಳಿದರು, "ಇವಳ ಒಡಹುಟ್ಟಿದವು ಹೇಗಿವೆ, ವಿಚಾರಿಸಿ ನೋಡಿ. ಆಮೇಲೆ ನಿಮ್ಮ ಮನಸ್ಸೇ ಹೇಳುತ್ತೆ."

ಸಂಜೆ ಮಗಳು ಬೇಕರಿಯವನಿಗೆ ಫೋನ್ ಮಾಡಿ, ಅಪ್ಪನಿಗೂ ಕೇಳಲೆಂದು ಸ್ಪೀಕರ್ ಹಾಕಿದಳು.

"ಐದು ಮರಿ ಇದ್ವು," ಬೇಕರಿಯವನ ದನಿ ಇಳಿದಿತ್ತು. "ಒಂದನ್ನ ನಾವೇ ಇಟ್ಕೊಂಡಿದ್ವಿ. ಎರಡು ವರ್ಷ ತುಂಬೋದ್ರೊಳಗೆ ಹಿಂದಿನ ಕಾಲು ಎತ್ತಕ್ಕೇ ಆಗ್ಲಿಲ್ಲ. ಕೂತಲ್ಲೇ ಎಲ್ಲ. ಮುಟ್ಟಿದ್ರೆ ಅರಚೋದು. ಕೊನೆಗೆ ಡಾಕ್ಟರ್ ಹತ್ರ ನೋವಿಲ್ಲದ ಹಾಗೆ ಕಳಿಸಿಕೊಟ್ವಿ. ಚಿಕ್ಕ ಮಗಳ ಮಡಿಲಲ್ಲೇ ತಲೆ ಇಟ್ಟಿತ್ತು. ಅವಳು ಆವತ್ತಿಂದ ನಾಯಿ ಬೇಕು ಅಂತ ಬಾಯಿ ಬಿಟ್ಟಿಲ್ಲ. ಇನ್ನೊಂದು ಮರಿದೂ ಅದೇ ಕಥೆ ಅಂತ ಕೇಳ್ದೆ. ಯಾಕಮ್ಮ, ನಿಮ್ಮ ತಾಯಿ ಹೇಳಿರ್ಲಿಲ್ವಾ? ಅವರು ಬಂದಿದ್ರಲ್ಲ, ಆಗಲೇ ಎಲ್ಲ ಹೇಳಿದ್ದೆ."

ಫೋನ್ ಇಟ್ಟ ಮೇಲೆ ಟೈಲರ್ ನೆಲದ ಮೇಲಿನ ಹಾಸನ್ನು ನೋಡುತ್ತ ಕುಳಿತ. ಅಡುಗೆಮನೆಯ ಬಾಗಿಲ ಹತ್ತಿರದ ತುಂಡು ಹೆಂಡತಿ ಹೊಲಿದದ್ದು, ದೊಡ್ಡ ದೊಡ್ಡ ಹೊಲಿಗೆ. ಇದೇನು ಗೋಣಿ ಹೊಲಿದ ಹಾಗೆ ಎಂದು ಅವನು ಅಂದು ಛೇಡಿಸಿದ್ದ. ಅವಳು ನಕ್ಕು, "ಇವಳಿಗೆ ಮರಿಗಿರಿ ಏನೂ ಬೇಡ, ಇವಳೊಬ್ಬಳು ಸಾಕು ನನಗೆ" ಅಂದಿದ್ದಳು. ಬಾಣಂತನದ ಕೆಲಸಕ್ಕೆ ಹೆದರಿ ಹಾಗಂದಳು ಎಂದು ಅವನು ಎಣಿಸಿದ್ದ. ಅವಳಿಗೆ ಗೊತ್ತಿತ್ತು. ಹೇಳಿದರೆ ಅವನು ಕೊರಗುತ್ತಾನೆ ಎಂದು ಒಬ್ಬಳೇ ಇಟ್ಟುಕೊಂಡಿದ್ದಳು.

"ಅಪ್ಪ, ಅಳ್ಬೇಡ."

"ಅಳ್ತಿಲ್ಲ ಕಣೇ. ಅವಳದ್ದೊಂದು ಉಳೀಲಿ ಅಂತ ಆಸೆ ಪಟ್ಟೆ. ಅವಳು ಬೇಡ ಅಂದಿದ್ದನ್ನೇ ಮಾಡಕ್ಕೆ ಹೊರಟಿದ್ದೆ."

ಮರುದಿನ ಬಾವಮೈದುನ ಸಾಹುಕಾರನನ್ನು ಹಿಡಿದುಕೊಂಡು ಬಂದಾಗ ಟೈಲರ್ ಬಾಗಿಲು ತೆರೆಯಲಿಲ್ಲ, ಕಿಟಕಿಯಲ್ಲೇ ಮಾತಾಡಿದ.

"ಬೇಡ ಕಣಯ್ಯ. ನಿಮ್ಮಕ್ಕನೇ ಬೇಡ ಅಂದಿದ್ಲು."

"ಅಕ್ಕ ಹೋಗಿ ವರ್ಷ ಆಯ್ತಲ್ಲ ಭಾವ."

"ನನಗೆ ಕೇಳ್ಸಿದ್ದು ನೆನ್ನೆ."

ಬಾವಮೈದುನ ಕಿಟಕಿಯಲ್ಲೇ ಎಕ್ಸ್‌ರೇ ನೋಡಿದ, ಬೇಕರಿಯವನು ಹೇಳಿದ್ದನ್ನು ಟೈಲರ್ ಬಾಯಿಂದ ಕೇಳಿಸಿಕೊಂಡ. ಎಂದೂ ಸುಮ್ಮನಿರದವನು ನಾಯಿಯನ್ನು ತಿರುಗಿಸಿಕೊಂಡು ಸುಮ್ಮನೆ ಹೋದ.

ಮೂರು ವಾರ ಗುಂಡಿಯನ್ನು ಒಳಗೇ ಕಾಪಾಡಿದರು. ಬೆದೆ ಕಳೆದು ಎರಡು ತಿಂಗಳಾದ ಮೇಲೆ, ಡಾಕ್ಟರಮ್ಮ ಹೇಳಿದ ದಿನ ಆಪರೇಷನ್ ಆಯಿತು. ಗಾಯ ನೆಕ್ಕದಿರಲೆಂದು ಟೈಲರ್ ಹೆಂಡತಿಯ ಹಳೆಯ ಹತ್ತಿಯ ಹೊದಿಕೆ ಕತ್ತರಿಸಿ ಹೊಟ್ಟೆಗೊಂದು ಅಂಗಿ ಹೊಲಿದ. ಮತ್ತಿನಲ್ಲಿದ್ದ ಗುಂಡಿ ಅದನ್ನು ಮೂಸಿ, ಮೂತಿ ಒಳಗೆ ತೂರಿಸಿ ಮಲಗಿದಳು. ಅವನು ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತ. ಇವಳ ನಂತರ ಯಾರೂ ಇಲ್ಲ ಎಂಬುದು ಅವನಿಗೆ ಗೊತ್ತಿತ್ತು. ಬೇಕರಿಯವನ ಚಿಕ್ಕ ಮಗಳ ಹಾಗೆ ಇನ್ನೊಂದು ಮಗು ಮಡಿಲಲ್ಲಿ ನಾಯಿಯ ತಲೆ ಇಟ್ಟುಕೊಂಡು ಕೂರುವುದು ತಪ್ಪಿತು ಎಂಬುದೂ ಗೊತ್ತಿತ್ತು. ಎರಡನೆಯದನ್ನು ನೆನೆದುಕೊಂಡು ಮೊದಲನೆಯದನ್ನು ತಡೆದುಕೊಂಡ.

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯ ನಾಯಿಯೂ ಮುದ್ದಾಗಿರಬಹುದು. ಮುದ್ದಾಗಿದೆ ಎಂಬುದೊಂದೇ ಮರಿ ಮಾಡಿಸಲು ಕಾರಣವಾಗಬಾರದು. ಮೊದಲು ಪಶುವೈದ್ಯರಿಗೆ ತೋರಿಸಿ. ಸೊಂಟ, ಕಣ್ಣು, ಎದೆ, ರಕ್ತ ಎಲ್ಲ ನೋಡಲಿ. ಎರಡು ವರ್ಷ ತುಂಬದ ನಾಯಿಗೆ, ವಯಸ್ಸಾದ ನಾಯಿಗೆ, ಕಚ್ಚುವ ಅಥವಾ ಸದಾ ಬೆದರುವ ನಾಯಿಗೆ ಮರಿ ಬೇಡ. ಒಂದೇ ತಾಯಿಯ ಮರಿಗಳನ್ನು ಕೂಡಿಸಬೇಡಿ. ಅಪ್ಪ, ಅಮ್ಮ, ಒಡಹುಟ್ಟಿದವು ಹೇಗಿವೆ ಎಂದು ಕೇಳಿ ತಿಳಿಯಿರಿ, ಗಂಡಿನ ಕಡೆಯದನ್ನೂ ಕೇಳಿ. ಹುಟ್ಟುವ ಪ್ರತಿಯೊಂದು ಮರಿಗೂ ಮನೆ ಗೊತ್ತಾದ ಮೇಲೆ ಮುಂದಿನ ಮಾತು. ಇದರಲ್ಲಿ ಒಂದೇ ಒಂದು ಸರಿಯಿಲ್ಲ ಎಂದಾದರೂ ಅಲ್ಲಿಗೇ ನಿಲ್ಲಿಸಿ, ಆಪರೇಷನ್ ಮಾಡಿಸಿ. ನಾಯಿಗೆ ಬಾಯಿಲ್ಲ, ಬೇಡ ಅನ್ನಲು ಬರುವುದಿಲ್ಲ. ಅದರ ಪರವಾಗಿ ಆ ಮಾತನ್ನು ನೀವೇ ಹೇಳಬೇಕು.