ಚಳಿಗೆ ಮಾತ್ರ ಬಾಯಿಬಿಡುವ ಲಾರಿ

ಮೇಲವಂಕಿಯ ತಾತ್ಯಾಸಾಹೇಬರ ಹಳೆಯ ಲಾರಿಗೆ ಒಂದು ಕೆಟ್ಟ ಚಟ ಅಂಟಿಕೊಂಡಿತ್ತು. ಬೆಳಗಿನ ಚಳಿಯಲ್ಲಿ ಚಾಲೂ ಮಾಡಿದ ಕೂಡಲೇ ಇಂಜಿನ್ನಿನ ಒಂದು ಮಗ್ಗುಲಿನಿಂದ ಟಿಕ್ ಟಿಕ್ ಟಿಕ್ ಎಂಬ ಸದ್ದು ಹೊರಡುತ್ತಿತ್ತು. ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು ಅದರ ಹಾರಾಟ. ಇಂಜಿನ್ ಬಿಸಿಯಾಯಿತೋ, ಸದ್ದು ಮಾಯ. ಮೂಡಲಗಿಯ ಕಾಶಿನಾಥ ಮೇಸ್ತ್ರಿಯ ಗ್ಯಾರೇಜಿಗೆ ತಂದು ನಿಲ್ಲಿಸುವಷ್ಟರಲ್ಲಿ ಆ ಲಾರಿ ಹಾಲು ಕುಡಿದ ಕೂಸಿನಂತೆ ತೆಪ್ಪಗಿರುತ್ತಿತ್ತು. ಕಾಶಿನಾಥ ಬಾನೆಟ್ಟು ಎತ್ತಿ, ಕಿವಿಯಿಟ್ಟು ಕೇಳಿ, ‘ಏನೂ ಇಲ್ರೀ ಸಾಹುಕಾರ್ರ’ ಎಂದು ಕೈ ಒರೆಸಿಕೊಳ್ಳುತ್ತಿದ್ದ.

ಸದ್ದು ಸಿಗದಿದ್ದರೆ ಸಿಗದಿರಲಿ. ಆದರೆ ಅದು ತಾತ್ಯಾಸಾಹೇಬರ ಮರ್ಯಾದೆಗೇ ಬಂದಿತ್ತು. ಅರವತ್ತು ದಾಟಿದರೂ ಅವರೇ ಸ್ಟೇರಿಂಗ್ ಹಿಡಿದು ಹುಕ್ಕೇರಿಯ ತನಕ ಬೆಲ್ಲ ಹೇರಿಕೊಂಡು ಹೋಗುತ್ತಿದ್ದರು. ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುವ ಮಗ ಅಭಿನಂದನನಿಗೆ ಅದು ಸುತರಾಂ ಬೇಡವಾಗಿತ್ತು. ‘ಅಪ್ಪಾ, ಇಲ್ಲದ ಆವಾಜ ಕೇಳಾಕತ್ತೈತಿ ಅಂದ್ರ ನಿಮಗ ವಯಸ್ಸಾತು ಅಂತ ತಿಳಕೋರಿ. ನಾಳೆ ರಸ್ತೇದಾಗ ಇಲ್ಲದ ಎತ್ತು ಕಂಡು ಬ್ರೇಕ್ ಒತ್ತಿದ್ರ?’ ಎಂದು ಅವನು ನಾಲ್ಕು ಮನೆಗೆ ಕೇಳುವಂತೆ ಹೇಳಿದ್ದ. ಅವನ ಮಾತೇ ಹಾಗೆ, ಯಾವಾಗಲೂ ಗಟ್ಟಿ ದನಿ.

‘ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದಂಗಾತು. ಕೆಟ್ಟಿದ್ದು ಲಾರಿ, ಬಿಡಬೇಕಾದಾಂವ ನಾನು?’ ಎಂದು ತಾತ್ಯಾಸಾಹೇಬರು ಸಿಡುಕಿದರು. ಕೊನೆಗೆ ಒಂದು ಮಾತಾಯಿತು. ಕಾಶಿನಾಥ ನಸುಕಿನಲ್ಲೇ ಮನೆಗೆ ಬಂದು ಲಾರಿಯನ್ನು ತಣ್ಣಗಿದ್ದಾಗಲೇ ನೋಡಬೇಕು. ಸದ್ದು ಇಲ್ಲವೆಂದಾದರೆ ತಾತ್ಯಾಸಾಹೇಬರು ಕೀಲಿಕೈಯನ್ನು ಮಗನಿಗೆ ಒಪ್ಪಿಸಬೇಕು. ಮುದುಕರು ಹೂಂ ಎಂದರು. ಸ್ಟೇರಿಂಗ್ ಇಲ್ಲದೆ ತಾವು ಬದುಕಿರಬಹುದು, ಆದರೆ ಹೇಗೆ ಎಂದು ಅವರಿಗೆ ತಿಳಿಯುತ್ತಿರಲಿಲ್ಲ.

ಮೇಸ್ತ್ರಿ ಹೇಳಿದ ದಿನವೇ ಬಂದ. ಬಂದವನನ್ನು ಬಾಗಿಲಲ್ಲೇ ಕೆಲಸಕ್ಕೆ ಹಚ್ಚುವ ಮನೆಯಲ್ಲ ಅದು. ತಾತ್ಯಾಸಾಹೇಬರ ಹೆಂಡತಿ ಇಂದುಬಾಯಿ ಕಾಲಿಗೆ ನೀರು ಕೊಟ್ಟು, ಚಹಾ ಕೊಟ್ಟು, ಅವಲಕ್ಕಿಯ ತಟ್ಟೆ ಮುಂದಿಟ್ಟು, ‘ಇಷ್ಟ ತಿಂದು ಏಳ್ರಿ’ ಎಂದು ಕೂರಿಸಿದರು. ಲಾರಿ ಹಿತ್ತಲಲ್ಲಿ ಸೆಗಣಿ ರಾಡಿಯ ನಡುವೆ ನಿಂತಿತ್ತು. ಪರವೂರಿನವರು ಅದರಲ್ಲಿ ಕಾಲಿಡುವುದು ಚಂದವಲ್ಲವೆಂದು ಅಭಿನಂದನ ಆಗಲೇ ಎದ್ದು, ಲಾರಿ ಚಾಲೂ ಮಾಡಿ, ಊರ ಬಾವಿಯ ತನಕ ಒಯ್ದು, ತೊಳೆದು, ಮುಂದಿನ ಅಂಗಳಕ್ಕೆ ತಂದು ನಿಲ್ಲಿಸಿದ. ಮರ್ಯಾದೆ ಮಾಡಲು ಹೋಗಿ ಮನೆಮಂದಿಯೆಲ್ಲ ಸೇರಿ ಇಂಜಿನ್ನನ್ನು ಬಿಸಿ ರೊಟ್ಟಿಯಂತೆ ಮಾಡಿಟ್ಟರು!

ಕಾಶಿನಾಥ ಬಾನೆಟ್ಟಿನ ಮೇಲೆ ಕೈಯಿಟ್ಟು ಸರ್ರನೆ ಹಿಂತೆಗೆದ. ‘ಇದನ್ನ ನೋಡಾಕ ನಾ ಇಲ್ಲೀತನಕ ಬರಬೇಕಾಗಿತ್ತೇನ್ರಿ? ನನ್ನ ಗ್ಯಾರೇಜಿಗೂ ಹಿಂಗ ಬರ್ತಿತ್ತು’ ಎಂದ.

‘ತಣ್ಣಗಿದ್ದಾಗ ನಾನs ಚಾಲೂ ಮಾಡೇನಿ. ಬಾಜೂಕ್ಕ ನಿಂತು ಕೇಳೇನಿ. ಒಂದು ಆವಾಜಿಲ್ಲ’ ಎಂದ ಅಭಿನಂದನ.

ತಾತ್ಯಾಸಾಹೇಬರ ಮೈ ಉರಿದುಹೋಯಿತು. ‘ಸುಳ್ಳ! ಕೀಲಿಕೈ ಆಸೇಕ ಹೆತ್ತ ಅಪ್ಪನ ಮುಂದ ಸುಳ್ಳ ಹೇಳತಿ!’ ಎಂದು ಕೂಗಿಬಿಟ್ಟರು. ಆ ಮನೆಯಲ್ಲಿ ಸುಳ್ಳುಗಾರ ಎನ್ನುವುದು ಕಳ್ಳ ಎನ್ನುವುದಕ್ಕಿಂತ ದೊಡ್ಡ ಬೈಗುಳ. ಅಭಿನಂದನನ ಮುಖ ಸಣ್ಣದಾಯಿತು. ಅವನು ನೆಟ್ಟಗೆ ಗಿರಣಿಗೆ ಹೋದ.

ಇಂಜಿನ್ ತಣ್ಣಗಾಗಲು ಒಂದು ರಾತ್ರಿಯಾದರೂ ಬೇಕು. ಕಾಶಿನಾಥನಿಗೂ ಈಗ ಹಟ ಹುಟ್ಟಿತ್ತು, ಉಳಿದುಕೊಂಡ. ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟ. ಹಸಿವಾಗುವ ಮುನ್ನವೇ ರೊಟ್ಟಿ ತಿನ್ನಿಸಿಕೊಂಡು ಅವನು ಜಗಲಿಯಲ್ಲಿ ಬೇಗ ಮಲಗಿದ. ಅಪ್ಪ ಮಗ ಬೇರೆ ಬೇರೆ ಮೂಲೆಯಲ್ಲಿ ಕೂತು ಉಂಡರು.

ಮರುದಿನ ನಸುಕಿನಲ್ಲಿ ಯಾರೂ ಲಾರಿ ಮುಟ್ಟಲಿಲ್ಲ, ಚಹಾವನ್ನೂ ಕಾಸಲಿಲ್ಲ. ತಾತ್ಯಾಸಾಹೇಬರು ಪಂಚನಮಸ್ಕಾರ ಮಂತ್ರ ಹೇಳಿಕೊಂಡು ಕೀಲಿಕೈ ತಿರುವಿದರು. ಇಂಜಿನ್ ಕೆಮ್ಮಿ, ಗೊಣಗಿ, ಎದ್ದಿತು. ಅದರ ಹಿಂದೆಯೇ ಬಂತು ನೋಡಿ, ಟಿಕ್ ಟಿಕ್ ಟಿಕ್ ಟಿಕ್.

‘ಬಂತ್ರಿ! ಖರೆನs ಐತಿ!’ ಎಂದು ಕಾಶಿನಾಥ ಕುಣಿದೇಬಿಟ್ಟ. ತಾತ್ಯಾಸಾಹೇಬರು ಕೆಳಗಿಳಿದು ಮಗನನ್ನೇ ನೋಡಿದರು. ಅಭಿನಂದನ ಹುಬ್ಬು ಗಂಟಿಕ್ಕಿ ನಿಂತಿದ್ದ. ‘ಏನು ಬಂತು?’ ಎಂದು ಕೇಳಿದ. ನಾಟಕವೂ ಬರುತ್ತದಲ್ಲ ಇವನಿಗೆ ಎಂದು ಮುದುಕರು ಹಲ್ಲು ಕಚ್ಚಿದರು.

ಆದರೆ ಸದ್ದು ಎಲ್ಲಿಂದ ಎಂಬುದು ಇನ್ನೂ ಸಿಕ್ಕಿರಲಿಲ್ಲ, ಹೊತ್ತು ಕೂಡ ಇರಲಿಲ್ಲ. ಕಾಶಿನಾಥ ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ವಾಲ್ವಿನ ಮುಚ್ಚಳಕ್ಕೆ, ಇನ್ನೊಂದನ್ನು ಕಿವಿಗೆ ಹಚ್ಚಿದ. ಅಲ್ಲಲ್ಲ. ಡೀಸೆಲ್ ಪೈಪುಗಳನ್ನು ಒಂದೊಂದಾಗಿ ಸಡಿಲಿಸಿ ನೋಡಿದ. ಮೂರನೆಯದಕ್ಕೆ ಸದ್ದು ಕೊಂಚ ಕುಗ್ಗಿತು, ಅಷ್ಟೇ. ‘ಒಳಗ ಬೇರಿಂಗ್ ಹೋಗೇತೇನೋ. ಹಂಗಿದ್ರ ಇಂಜಿನ್ನs ಬಿಚ್ಚಬೇಕಾಗತೈತಿ’ ಎಂದು ಗೊಣಗಿದ. ಸದ್ದು ಆಗಲೇ ಮೆತ್ತಗಾಗತೊಡಗಿತ್ತು.

ಅಷ್ಟರಲ್ಲಿ ಇಂದುಬಾಯಿ ದೇವರ ಪೂಜೆ ಮುಗಿಸಿ ಊದಿನಕಡ್ಡಿ ಹಿಡಿದು ಹೊರಬಂದರು. ದಿನವೂ ಲಾರಿಗೆ ಊದಿನಕಡ್ಡಿ ಬೆಳಗುವುದು ಅವರ ರೂಢಿ. ಇಂದು ಬಾನೆಟ್ಟು ತೆರೆದೇ ಇತ್ತು. ಜಡ್ಡು ಬಂದದ್ದು ಇಂಜಿನ್ನಿಗೇ ಅಲ್ಲವೇ ಎಂದು ನೇರ ಅದಕ್ಕೇ ಬೆಳಗಿದರು. ನೆಟ್ಟಗೆ ಏಳುತ್ತಿದ್ದ ಹೊಗೆ ಇಂಜಿನ್ನಿನ ಒಂದು ಮಗ್ಗುಲಿಗೆ ಬಂದದ್ದೇ ಪುಟ್ ಪುಟ್ ಎಂದು ಪಕ್ಕಕ್ಕೆ ಹಾರತೊಡಗಿತು. ಪ್ರತಿ ಟಿಕ್ಕಿಗೂ ಒಂದೊಂದು ಹಾರಿಕೆ.

‘ಕೈ ಅಲ್ಲೇ ಇರಲಿ ಬಾಯಾರ!’ ಎಂದು ಕಾಶಿನಾಥ ಬಾಗಿದ. ಸುಟ್ಟ ಹೊಗೆಯನ್ನು ಹೊರಗೊಯ್ಯುವ ಬೀಡಿನ, ಅಂದರೆ ಎರಕದ ಕಬ್ಬಿಣದ, ಕೊಳವೆ ಇಂಜಿನ್ನಿಗೆ ಕೂಡುವ ಜಾಗ ಅದು. ಸಂದಿಯಲ್ಲಿ ಕಾಡಿಗೆಯಂಥ ಮಸಿ. ‘ನಡುವಿನ ಪ್ಯಾಕಿಂಗ್ ಸುಟ್ಟೈತ್ರಿ. ತಣ್ಣಗಿದ್ದಾಗ ಸಂದು ಬಿಡತೈತಿ, ಗಾಳಿ ಟಿಕ್ ಟಿಕ್ ಅಂತ ಹೊರಗ ಹಾರತೈತಿ. ಕಾದ ಮ್ಯಾಲೆ ಬೀಡು ಹಿಗ್ಗಿ ತಾನs ಮುಚ್ಚಕೋತೈತಿ. ಇಂಜಿನ್ ಗಟ್ಟಿ ಐತಿ, ಬಿಚ್ಚೂದು ಬ್ಯಾಡ. ಗೋಕಾಕದಾಗ ಪ್ಯಾಕಿಂಗ್ ಸಿಗತೈತಿ.’

ತಾತ್ಯಾಸಾಹೇಬರು ಗೆದ್ದಿದ್ದರು. ಮೀಸೆಯ ಮೇಲೆ ಕೈ ಹೋಗಬೇಕು, ಅಷ್ಟರಲ್ಲಿ ಮಗನ ಮುಖ ಕಂಡಿತು. ಅಭಿನಂದನ ಕುಣಿಯುವ ಹೊಗೆಯನ್ನೇ ದಿಟ್ಟಿಸುತ್ತಿದ್ದ. ಒಮ್ಮೆ ಹೊಗೆ ನೋಡುವನು, ಒಮ್ಮೆ ತಲೆಯಾಡಿಸುವ ಮಂದಿಯನ್ನು ನೋಡುವನು.

‘ಇದಕ್ಕ ಆವಾಜ ಐತೇನು?’ ಎಂದು ಅವ್ವನನ್ನು ಕೇಳಿದ. ‘ನಿಮಗೆಲ್ಲಾರಿಗೂ ಕೇಳಾಕತ್ತೈತೇನು?’

ಹಿಂದಿನಿಂದ ಕರೆದರೆ ಓಗೊಡದ ಮಗನಿಗೆ ಏನೋ ಮುನಿಸು ಎಂದೇ ಇಂದುಬಾಯಿ ತಿಳಿದಿದ್ದರು. ಹತ್ತು ವರ್ಷ ಗಿರಣಿಯ ಕಲ್ಲು ಬೆಲ್ಟುಗಳ ಗರಗರದಲ್ಲಿ ನಿಂತವನ ಕಿವಿ ಸವೆದುಹೋದದ್ದು ಹೆತ್ತವರಿಗೂ ಗೊತ್ತಾಗಿರಲಿಲ್ಲ, ಅವನಿಗೂ ಗೊತ್ತಾಗಿರಲಿಲ್ಲ. ತಾತ್ಯಾಸಾಹೇಬರಿಗೆ ಗೆದ್ದ ಸಂತೋಷ ಒಂದು ಗಳಿಗೆಯೂ ಉಳಿಯಲಿಲ್ಲ.

‘ಹತ್ತು’ ಎಂದರು, ಕ್ಯಾಬಿನ್ನಿನ ಬಾಗಿಲು ತೆರೆದು. ‘ಗೋಕಾಕಕ್ಕ ಹೋಗೂಣು. ಲಾರಿಗಿ ಪ್ಯಾಕಿಂಗ್, ನಿಂಗ ಕಿವಿ ಡಾಕ್ಟರು. ಎರಡೂ ಒಂದs ಪೇಟ್ಯಾಗ ಅದಾವು.’

ಊರು ದಾಟಿ ಸ್ವಲ್ಪ ದೂರ ಹೋದ ಮೇಲೆ ತಾತ್ಯಾಸಾಹೇಬರು ರಸ್ತೆಯ ಮೇಲೆ ಕಣ್ಣಿಟ್ಟೇ ಏನೋ ಹೇಳಿದರು. ಅಭಿನಂದನ ಕಿಟಕಿಯ ಹೊರಗಿನ ಕಬ್ಬು ನೋಡುತ್ತ ಸುಮ್ಮನೆ ಕೂತಿದ್ದ. ಮುದುಕರಿಗೆ ಹೊಳೆಯಿತು. ಲಾರಿಯನ್ನು ಬದಿಗೆ ನಿಲ್ಲಿಸಿದರು, ಇಂಜಿನ್ ಬಂದ್ ಮಾಡಿದರು, ಮಗನ ಕಡೆಗೆ ಪೂರ್ತಿ ತಿರುಗಿ ಕೂತರು.

‘ನಿನ್ನೆ ನಿಂಗ ಸುಳ್ಳ ಹೇಳತಿ ಅಂದ್ನೆಲ್ಲ. ತಪ್ಪಾತು ನಂದು.’

ಅಭಿನಂದನ ಅಪ್ಪನ ತುಟಿಗಳನ್ನೇ ನೋಡುತ್ತಿದ್ದ. ಅವನ ಕಣ್ಣು ತುಂಬಿತು, ಮುಖದಲ್ಲಿ ಮಾತ್ರ ತುಂಟ ನಗೆ.

‘ಕೇಳಸಲಿಲ್ಲಪಾ. ಇನ್ನೊಮ್ಮೆ ಹೇಳ್ರಿ.’

ಅವನಿಗೆ ಕೇಳಿಸಿದೆ ಎಂದು ತಾತ್ಯಾಸಾಹೇಬರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಇನ್ನೊಮ್ಮೆ ಹೇಳಿದರು, ಈ ಸಲ ಸ್ವಲ್ಪ ಗಟ್ಟಿಯಾಗಿ.