ಯಜಮಾನರು ಬಂದು ಕೂರಬೇಕು

ಧನ್ಯಾಳ ಆಟ ಅಚ್ಚಿಗೆ ಹೋಗಲು ಒಂದೇ ದಿನ ಬಾಕಿ ಇತ್ತು. ಆಟ ಅಚ್ಚಾಗುವುದೆಂದರೇನು ಎಂದು ಶಿಕಾರಿಪುರದ ಅರ್ಧ ಊರು ಅವಳನ್ನು ಕೇಳಿಯಾಗಿತ್ತು, ಅವಳೂ ಬೇಸರವಿಲ್ಲದೆ ಹೇಳಿಯಾಗಿತ್ತು. ನಾಲ್ಕೈದು ಜನ ಸುತ್ತ ಕೂರಬೇಕು. ಒಬ್ಬರು ಕಥೆ ನಡೆಸಬೇಕು, ಉಳಿದವರು ಆ ಕಥೆಯೊಳಗಿನ ನೀರುಗಂಟಿಯೋ ಸೂಲಗಿತ್ತಿಯೋ ಬಳೆಗಾರನೋ ಆಗಬೇಕು. ಊರ ಕೆರೆಯ ತೂಬಿನ ಕೀಲನ್ನು ಯಾರೋ ಕದ್ದಿದ್ದಾರೆ, ನೀರೆಲ್ಲ ಹರಿದುಹೋಗುತ್ತಿದೆ, ಈಗ ನೀವೇನು ಮಾಡುತ್ತೀರಿ? ಅದನ್ನು ಬಾಯಲ್ಲಿ ಹೇಳಬೇಕು, ಕವಡೆ ಹಾಕಬೇಕು, ಕವಡೆ ಬಿದ್ದ ಹಾಗೆ ಕಥೆ ತಿರುಗಬೇಕು. ಆಟದ ಹೆಸರು 'ಊರೊಟ್ಟು'. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿಕೊಂಡು, ಉಳಿದ ಹೊತ್ತಿನಲ್ಲಿ ಇದನ್ನು ಬರೆದು ತಿದ್ದಲು ಅವಳಿಗೆ ನಾಲ್ಕು ವರ್ಷ ಹಿಡಿದಿತ್ತು.

ಅವಳು ಕೂತು ನಡೆಸಿದರೆ ಆಟ ಭರ್ಜರಿ. ಅವಳು ನೀರು ಕುಡಿಯಲು ಎದ್ದುಹೋದರೆ ಸಾಕು, ಎಲ್ಲರೂ ಮೊಬೈಲ್ ತೆಗೆಯುತ್ತಿದ್ದರು. ಪುಸ್ತಕದ ಹಿಂದೆ ಮನೆಮನೆಗೆ ಅವಳೂ ಹೋಗಲಾದೀತೇ? ತನ್ನ ಮುಖ ಕಾಣದವರು, ತಾನಿಲ್ಲದ ಕಡೆ, ಪುಸ್ತಕ ಬಿಚ್ಚಿ ಆಡಬೇಕು. ಅದೊಂದು ಆಗದಿದ್ದರೆ ನಾಲ್ಕು ವರ್ಷದ್ದು ದಂಡದ ಕೆಲಸ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೂ ಐನೂರು ಪ್ರತಿ ಅಚ್ಚು ಹಾಕಿಸಲು ಹೊರಟಿದ್ದಳು.

ಅದೂ ಎಂಥ ಪುಸ್ತಕ! ಇನ್ನೂರ ನಲವತ್ತು ಪುಟ, ಗಟ್ಟಿ ರಟ್ಟು, ಬಣ್ಣದ ಚಿತ್ರ, ಹನ್ನೆರಡು ಕಥೆ ಒಟ್ಟಿಗೆ. ಹೊರದೇಶದಲ್ಲಿ ಇಂಥ ಆಟಗಳನ್ನು ಹಾಗೇ ತರುತ್ತಾರೆಂದು ಅವಳು ಓದಿಕೊಂಡಿದ್ದಳು. ಪ್ರೆಸ್ಸಿನ ಶಾಂತವೀರಪ್ಪ, ದೂರದಿಂದ ಅವಳಿಗೆ ಮಾಮ ಆಗಬೇಕಾದವರು, ಮೂವತ್ತು ವರ್ಷದಿಂದ ಮದುವೆ ಕಾಗದ ಅಚ್ಚು ಹಾಕುತ್ತ ಬಂದವರು, ಕನ್ನಡಕ ಹಣೆಗೇರಿಸಿ ಅವಳನ್ನೇ ನೋಡಿದರು.

"ಧನ್ಯವ್ವಾ, ದಪ್ಪ ಪುಸ್ತಕ ಮಾಡಿದ್ರ ಜನ ಕುಂಕುಮ ಹಚ್ಚಿ ಪೂಜಿ ಮಾಡ್ತಾರ, ಓದಂಗಿಲ್ಲ. ಒಂದೊಂದೇ ಕಥಿ ತೆಳ್ಳಗೆ ಮಾಡಿ ಬಿಡು. ಒಂದು ಆಡಿದೋರು ಇನ್ನೊಂದು ಕೇಳ್ಕೊಂಡು ಬರ್ತಾರ."

"ತೆಳ್ಳಗಿದ್ರೆ ಯಾರೂ ಬೆಲೆ ಕೊಡಲ್ಲ ಮಾಮಾ."

"ಆತು ಬಿಡು. ನೋಡಾಕಂತ ಮೂರು ಕಡಿಗೆ ಜೆರಾಕ್ಸ್ ಕಳಿಸಿದ್ದಿಯಲ್ಲಾ, ಏನಂದ್ರು?"

"ಶಿರಾಳಕೊಪ್ಪದವರು, ಆನವಟ್ಟಿಯವರು ಸೂಪರ್ ಅಂದ್ರು."

"ಅವ್ರೆಲ್ಲ ನಿನ್ನ ಹಳೇ ಹುಡುಗ್ರು, ಇನ್ನೇನು ಅಂತಾರ? ಮೂರನೇದು?"

ಮೂರನೆಯದು ಜಡೆಗೆ ಹೋಗಿತ್ತು. ಧನ್ಯಾಳ ಕಾಲೇಜು ಗೆಳತಿ ಸುಮಾ ಅಲ್ಲಿ ಹೆಂಗಸರ ಸಂಘ ನಡೆಸುತ್ತಿದ್ದಳು. 'ಏನೂ ಹೇಳಿಕೊಡಲ್ಲ, ಫೋನೂ ಮಾಡಬೇಡ, ಬರೀ ಪುಸ್ತಕ ನೋಡಿ ಆಡಿ' ಎಂದು ಧನ್ಯಾಳೇ ಕಟ್ಟುನಿಟ್ಟು ಮಾಡಿದ್ದಳು. ಆರು ವಾರವಾದರೂ ಅಲ್ಲಿಂದ ಸುದ್ದಿಯಿಲ್ಲ.

"ನಾಳೆ ಶುಕ್ರವಾರ ಮಷಿನ್‌ಗೆ ಹಾಕ್ತೀನಿ. ಆಮ್ಯಾಲೆ ಒಂದಕ್ಷರ ತಿದ್ದಂಗಿಲ್ಲ ನೋಡು" ಎಂದರು ಶಾಂತವೀರಪ್ಪ.

ಜಡೆಗೆ ಹೋಗಿ ತಾನೇ ನೋಡಿಬರಬೇಕೆಂದು ಧನ್ಯಾ ಅಂದೇ ಶಾಲೆಗೆ ರಜೆ ಹಾಕಿ ಸೊರಬದ ಬಸ್ಸು ಹತ್ತಿದಳು. ಸೊರಬದಲ್ಲಿ ಬಸ್ಸು ಬದಲಿಸುವ ಮೊದಲು, ಕೈಯಲ್ಲಿದ್ದ ಒಂದು ಜೆರಾಕ್ಸ್ ಪ್ರತಿಯನ್ನು ಪುಸ್ತಕದಂಗಡಿಯವನಿಗೆ ತೋರಿಸಿದಳು. ಅವನು ಹಿಂದೆ ಮುಂದೆ ತಿರುಗಿಸಿ, "ಯಾವ ಕ್ಲಾಸಿಂದು ಮೇಡಂ?" ಎಂದ. ಯಾವ ಕ್ಲಾಸಿನದೂ ಅಲ್ಲ, ದೊಡ್ಡವರೂ ಆಡಬಹುದು ಎಂದಾಗ, ಪಾಪ, ಎಲ್ಲಿಡಬೇಕೆಂದೇ ಅವನಿಗೆ ತಿಳಿಯಲಿಲ್ಲ. ಕಡೆಗೆ ಗೈಡುಗಳ ಕಟ್ಟಿನ ಮೇಲಿಟ್ಟು ನೋಡಿ, ಸರಿಕಾಣದೆ ವಾಪಸ್ಸು ಕೊಟ್ಟ. ಧನ್ಯಾಳ ಹುಮ್ಮಸ್ಸು ಅಲ್ಲಿಗೇ ಅರ್ಧ ಇಳಿಯಿತು.

ಜಡೆಯಲ್ಲಿ ಗುರುವಾರ ಮಧ್ಯಾಹ್ನ ಸಂಘದ ಸಭೆ. ಏಳೆಂಟು ಹೆಂಗಸರು ಜಮಖಾನದ ಮೇಲೆ ಕೂತಿದ್ದರು. ಗೆಳತಿಯನ್ನು ಕಂಡದ್ದೇ ಸುಮಾಳ ಮುಖ ಸಣ್ಣಗಾಯಿತು.

"ಆಡಿದ್ರೇನೆ?" ಎಂದಳು ಧನ್ಯಾ.

"ಇಲ್ಲ ಕಣೆ. ಯಜಮಾನ್ರು ಸಿಗ್ಲಿಲ್ಲ."

"ಯಾವ ಯಜಮಾನ್ರು?"

ಸುಮಾ ಪುಸ್ತಕ ತೆರೆದು ಮೊದಲ ನಿಯಮಕ್ಕೆ ಬೆರಳಿಟ್ಟಳು. 'ಆಟ ಶುರುವಾಗುವ ಮೊದಲು ಯಜಮಾನರು ಬಂದು ಕೂರಬೇಕು. ಅವರ ಮಾತೇ ಕೊನೆಯ ಮಾತು.' ಗೇಮ್ ಮಾಸ್ಟರ್ ಎಂಬ ಇಂಗ್ಲಿಷ್ ಮಾತು ಬೇಡವೆಂದು ವಾರಗಟ್ಟಲೆ ತಲೆ ಕೆಡಿಸಿಕೊಂಡು ಧನ್ಯಾ ಹುಡುಕಿದ ಪದ ಅದು. ಆ ಪದದ ಮೇಲೆ ಅವಳಿಗೆ ಭಾರೀ ಅಭಿಮಾನವೂ ಇತ್ತು.

ಸಂಘದ ಹಿರಿಯಳು ತಿಮ್ಮಮ್ಮ ಬಾಯಿ ಹಾಕಿದಳು. "ಮೊದಲ್ನೇ ವಾರ ಯಮುನಮ್ಮನ ಯಜಮಾನ್ರು ಸಂತೆಗೆ ಹೋಗಿದ್ರು. ಎರಡ್ನೇ ವಾರ ನಮ್ಮನೆಯೋರ್ನೇ ಕರ್ಕಂಡ್ ಬಂದು ಕುರ್ಚಿ ಮೇಲೆ ಕೂರ್ಸಿದ್ವಿ. 'ಜಗಳ ಯಾರದು?' ಅಂದ್ರು. ಯಾರದೂ ಇಲ್ಲ ಅಂದ್ವಿ. 'ಹಂಗಾರೆ ಹೊಂದ್ಕಂಡ್ ಹೋಗಿ' ಅಂತಂದು, ಚಾ ಕುಡ್ದು ಎದ್ದು ಹೋದ್ರು."

ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಧನ್ಯಾಳಿಗೂ ನಗು ಬಂತು, ಜೊತೆಗೇ ನಾಚಿಕೆಯೂ ಆಯಿತು. ತಪ್ಪು ಅವರದಲ್ಲ. ಮನೆಯಲ್ಲಿ ಯಾರನ್ನು ಏನೆಂದು ಕರೆಯುತ್ತಾರೋ ಅದನ್ನೇ ಅವರು ಓದಿದ್ದರು, ಓದಿದ ಹಾಗೆಯೇ ನಡೆದಿದ್ದರು. ನೂರಕ್ಕೂ ಹೆಚ್ಚು ಕಡೆ ಆ ಪದ ಬರೆದಿದ್ದ ತನಗೆ ಇದೊಮ್ಮೆಯೂ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಗಂಡಸ್ರು ಬೇಡ್ವೇ ಬೇಡಮ್ಮ. ನಿಮ್ಮಲ್ಲೇ ಒಬ್ರು ಕಥೆ ಶುರು ಮಾಡ್ಬೇಕು, ಉಳಿದೋರು ಮುಂದುವರೆಸ್ಬೇಕು" ಎಂದಳು.

"ಅಷ್ಟೇಯಾ?" ಎಂದಳು ಯಮುನಮ್ಮ. "ಗದ್ದೆ ನಾಟಿ ಹಾಡಲ್ಲಿ ಸೊಲ್ಲು ಎತ್ತೋಳ ಹಂಗೆ. ತಿಮ್ಮಮ್ಮ ಎತ್ಲಿ, ನಾವು ಹಿಡೀತೀವಿ. ಇದ್ನ ಮೊದ್ಲೇ ಬರ್ಯಕ್ಕೆ ಏನಾಗಿತ್ತು?"

ಸುಮಾ ಮೊದಲ ಕಥೆಯನ್ನು ತಿಮ್ಮಮ್ಮನೊಬ್ಬಳಿಗೇ ಓದಿ ಹೇಳಿದಳು, ಒಟ್ಟು ಹದಿನೆಂಟು ಪುಟ. ತಿಮ್ಮಮ್ಮ ಕಣ್ಣು ಮುಚ್ಚಿ ಕೇಳಿಸಿಕೊಂಡು, ಕಾಲು ಚಾಚಿ ಕೂತು ಸೊಲ್ಲು ಎತ್ತಿದಳು. ಎರಡೇ ನಿಮಿಷಕ್ಕೆ ಕಥೆಯ ಕೆರೆ ಏರಿಯ ಮೇಲೆ ಎಲ್ಲರೂ ನಿಂತಿದ್ದರು. ಸೂಲಗಿತ್ತಿಯಾದ ಯಮುನಮ್ಮ ತೂಬು ಮುಚ್ಚಲು ಹೋಗದೆ, ಗೌಡರ ಮನೆಗೇ ನುಗ್ಗಿ, "ನಿನ್ನ ಹೆತ್ತಾಗ ನಿಮ್ಮವ್ವನ ಕೈ ಹಿಡ್ಕಂಡಿದ್ದೋಳು ನಾನು, ನಿಜ ಹೇಳು" ಎಂದು ಕವಡೆ ಒಗೆದಳು. ನಾಲ್ಕೂ ಮೊಗಚಿ ಬಿದ್ದವು.

"ಗೌಡ ನಡುಗಿಬಿಟ್ಟ" ಎಂದಳು ತಿಮ್ಮಮ್ಮ. "ತೂಬಿನ ಕೀಲು ಅವನ ಅಟ್ಟದ ಮೇಲೇ ಐತೆ."

ಧನ್ಯಾಳಿಗೆ ತಡೆಯಲಾಗಲಿಲ್ಲ. "ಅಲ್ಲಮ್ಮ, ನಾಲ್ಕೂ ಮೊಗಚಿದ್ರೆ ಸೋಲು. ಆಮೇಲೆ ಕದ್ದವನು ಗೌಡ ಅಲ್ಲ, ಪುಸ್ತಕದಲ್ಲಿ..."

ಆಟ ನಿಂತಿತು. ಎಲ್ಲರೂ ಅವಳ ಕಡೆ ತಿರುಗಿದರು, ಮುಂದೇನು ಎಂದು ಅವಳನ್ನೇ ಕೇಳುವವರ ಹಾಗೆ. ಆ ನೋಟ ಅವಳಿಗೆ ಗೊತ್ತಿತ್ತು. ನಾಲ್ಕು ವರ್ಷದಿಂದ ಪ್ರತಿ ಆಟದಲ್ಲೂ ಅದನ್ನೇ ಕಂಡಿದ್ದಳು. ಕೂರಬಾರದ ಕಡೆ ಬಂದು ಕೂತ ಯಜಮಾನಿ ತಾನೇ ಆಗಿದ್ದಳು.

"ಇಲ್ಲಮ್ಮ, ನೀವು ಹೇಳಿದ್ದೇ ಸರಿ" ಎಂದು ಎದ್ದು ಹೊರಗೆ ಬಂದು, ಜಗಲಿಯ ಮೇಲೆ ನಿಂತು ಶಾಂತವೀರಪ್ಪನವರಿಗೆ ಫೋನು ಮಾಡಿದಳು.

"ಮಾಮಾ, ಮಷಿನ್‌ಗೆ ಹಾಕ್ಬೇಡಿ. ಒಂದೇ ಕಥೆ ಮಾಡೋಣ, ತೆಳ್ಳಗೆ. 'ಯಜಮಾನ' ಅಂತ ಇರೋ ಕಡೆಯೆಲ್ಲ ಹೊಡೆದು 'ಸೊಲ್ಲೆತ್ತುವವರು' ಅಂತ ಮಾಡ್ಬೇಕು. ಕೊನೇಲಿ ನಾಲ್ಕು ಖಾಲಿ ಪುಟ ಬಿಡಿ."

"ಖಾಲಿ ಪುಟ ಯಾಕವ್ವಾ?"

"ಅವ್ರ ಕಥೆ ಬರ್ಕೊಳ್ಳೋಕೆ."

ಒಳಗೆ ಮತ್ತೆ ಗಲಾಟೆ ಶುರುವಾಗಿತ್ತು. ಯಾರೋ ಗೌಡನನ್ನು ಬೈಯುತ್ತಿದ್ದರು, ಯಾರೋ ಅವನ ಪರ ವಕಾಲತ್ತು ವಹಿಸಿದ್ದರು, ಕವಡೆ ನೆಲಕ್ಕೆ ಬೀಳುವ ಸದ್ದಾಗುತ್ತಿತ್ತು. ಧನ್ಯಾಳಿಗೆ ಒಳಗೆ ಹೋಗಬೇಕೆಂದು ಆಸೆಯೋ ಆಸೆ. ಆದರೂ ಬಾಗಿಲ ಕಡೆ ಹೆಜ್ಜೆ ಇಡಲಿಲ್ಲ.

ಬಸ್ಸಿನ ಹೊತ್ತಾಯಿತೆಂದು ಹೇಳಲು ಮಾತ್ರ ಬಾಗಿಲಲ್ಲಿ ತಲೆ ಹಾಕಿದಳು. ತಿಮ್ಮಮ್ಮ ಕವಡೆ ಮೇಲಿನ ಕಣ್ಣು ಕೀಳದೆ ಕೈ ಆಡಿಸಿದಳು.

"ಹೋಗ್ಬಾ ತಂಗಿ. ಇದು ಇವತ್ತಿಗೆ ಮುಗಿಯಂಗಿಲ್ಲ, ಬರೋ ಗುರುವಾರಾನೂ ಆಡ್ತೀವಿ. ನೀನೇನು ಅಷ್ಟು ದೂರದಿಂದ ಬರದು ಬ್ಯಾಡ."

ಬಸ್ ಸ್ಟಾಪಿನವರೆಗೂ ಧನ್ಯಾ ಅಳುತ್ತಲೇ ಹೋದಳು. ಎದುರಿಗೆ ಬಂದವರೊಬ್ಬರು ಏನಾಯ್ತು ತಾಯಿ ಎಂದು ಕೇಳಿದರೆ, ಏನೂ ಇಲ್ಲ ರೀ, ಒಳ್ಳೇದೇ ಆಯ್ತು ಎಂದು ನಕ್ಕಳು.