ವಾಹಕಿ

ನನ್ನ ಮಗಳು ಆಸ್ಪತ್ರೆಯ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಇಸ್ತ್ರಿ ಮಾಡುತ್ತಾಳೆ. ನಾನು ಅಲ್ಲೇ ಮೂಲೆಯಲ್ಲಿ ಕೂತು ಹರಿದ ಹೊದಿಕೆ ಹೊಲಿಯುತ್ತೇನೆ. ಸೋಂಕಿನ ವಾರ್ಡಿನ ಬಟ್ಟೆ ಮಾತ್ರ ಬೇರೆ ಕೋಣೆಗೆ ಹೋಗುತ್ತದೆ. ಆ ಕೋಣೆಗೆ ಕಿಟಕಿಯಿಲ್ಲ. ಕೈಗೆ ಗ್ಲೌಸು ಕೊಡುವುದಿಲ್ಲ. ಬಾಗಿಲ ಮೇಲೆ 'ರೋಗವಾಹಕ ಬಟ್ಟೆ' ಎಂದು ಬರೆದಿದೆ. ಅಲ್ಲಿದ್ದವಳು ಕೆಮ್ಮಿ ಕೆಮ್ಮಿ ಕೆಲಸ ಬಿಟ್ಟಳು.

ಮೊಮ್ಮಗನಿಗೆ ಐದು ತುಂಬಿದರೂ ಮಾತು ಬಂದಿರಲಿಲ್ಲ. ಮುಖ ಕೊಟ್ಟು ನೋಡುವುದಿಲ್ಲ. ಸದ್ದಾದರೆ ಕೈ ಕಚ್ಚಿಕೊಳ್ಳುತ್ತಾನೆ. ರಕ್ತಪರೀಕ್ಷೆ ಮಾಡಿಸಿದ ಡಾಕ್ಟರಮ್ಮ ಮಗಳನ್ನು ಕೂರಿಸಿ ಹೇಳಿದರು:

"ಇದು ವಂಶದಲ್ಲಿ ಬರೋದಮ್ಮ, ಅಂಟೋದಲ್ಲ. ಯಾರ ತಪ್ಪೂ ಅಲ್ಲ. ನಿಧಾನ ಕಲೀತಾನೆ, ಆದ್ರೆ ಕಲೀತಾನೆ. ನೀವು ಇದನ್ನ ಅವನಿಗೆ ದಾಟಿಸಿದ ವಾಹಕಿ, ಅಷ್ಟೇ."

ಮಗಳ ಎದೆಯಲ್ಲಿ ಆ ಒಂದು ಪದವೇ ನಾಟಿತು. ಮರುದಿನ ಇಸ್ತ್ರಿ ಮೇಜಿನ ಮುಂದೆ ಪಕ್ಕದವಳಿಗೆ ಹೇಳಿಕೊಂಡು ಅತ್ತಳು. "ನಾನು ವಾಹಕಿಯಂತೆ ಕಣೇ."

ಅದು ಮೇಸ್ತ್ರಿಯ ಕಿವಿಗೆ ಬಿತ್ತು.

"ರೋಗ ಇಟ್ಕೊಂಡು ಬಚ್ಚಿಟ್ಟಿದ್ಯಾ? ನಾಳೆಯಿಂದ ಸೋಂಕಿನ ಕೋಣೆಗೆ ಹೋಗು. ಇಲ್ಲ, ಮನೆಗೆ ನಡಿ."

"ಅಣ್ಣಾ, ಇದು ಅಂಟಲ್ಲ..."

"ನೀನೇನು ಡಾಕ್ಟರಾ?"

ಹೆಂಗಸರು ಒಬ್ಬೊಬ್ಬರೇ ತಮ್ಮ ನೀರಿನ ಲೋಟ ಹತ್ತಿರಕ್ಕೆಳೆದುಕೊಂಡರು. ನಾನು ಸೂಜಿಯನ್ನು ಹೊದಿಕೆಗೆ ಚುಚ್ಚಿಟ್ಟೆ. ಕೆಲಸ ಹೋದರೆ ಮಗುವಿಗೆ ಮಾತು ಕಲಿಸುವುದು ಹೇಗೆ? ಆ ಕೋಣೆಗೆ ಹೋದರೆ ಮಗುವಿಗೆ ತಾಯಿ ಉಳಿಯುವುದು ಹೇಗೆ? ದೇವರೇ ಎಂದುಕೊಂಡು ಎದ್ದೆ.

"ಮೇಸ್ತ್ರಿ, ನನ್ನ ಅಣ್ಣನೂ ಹೀಗೇ ಇದ್ದ. ದಡ್ಡ ಅಂತ ಹೊಡೆಸ್ಕೊಂಡೇ ಸತ್ತ. ಇವಳಿಗೆ ಬಂದಿದ್ದು ನನ್ನ ರಕ್ತದಿಂದ. ನಿನ್ನ ಅಂಗಿ ಗುಂಡಿ ಹೊಲಿದಿದ್ದೂ ನಾನೇ ಅಲ್ವೇನಪ್ಪಾ? ನಿನಗೇನು ಅಂಟ್ತು?"

"ಬುದ್ಧಿಯಂತೂ ಅಂಟಿಲ್ಲ ಬಿಡಿ ಅಜ್ಜಿ," ಎಂದಳು ಮಗಳ ಪಕ್ಕದವಳು.

ಯಾರೋ ಕಿಸಕ್ಕನೆ ನಕ್ಕರು. ಮೇಸ್ತ್ರಿ ಪಕ್ಕದವಳತ್ತ ತಿರುಗಿದ.

"ನಗಿಸ್ತೀಯಾ? ಹಾಗಾದ್ರೆ ಅವಳ ಬದಲು ನೀನೇ ಹೋಗು ಆ ಕೋಣೆಗೆ!"

ನಗು ನಿಂತಿತು. ಅವನಿಗೆ ಬೇಕಾದದ್ದು ರೋಗಿಯಲ್ಲ, ಆ ಕೋಣೆಗೊಂದು ಆಳು ಎಂಬುದು ಈಗ ಎಲ್ಲರಿಗೂ ತಿಳಿಯಿತು.

ಪಕ್ಕದವಳು ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿದಳು. ಆಮೇಲೆ ಅವಳಾಚೆಯವಳು. ಆಮೇಲೆ ಸಾಲಿಗೆ ಸಾಲೇ.

"ಯಾರೂ ಹೋಗಲ್ಲ. ಮೊದಲು ಕಿಟಕಿ ಇಡ್ಸಿ, ಗ್ಲೌಸು ಕೊಡಿ. ಆಮೇಲೆ ಮಾತಾಡಿ," ಎಂದಳು ಪಕ್ಕದವಳು.

"ಮಾಲೀಕರನ್ನೇ ಕರೀತೀನಿ, ಇರಿ," ಎಂದು ಮೇಸ್ತ್ರಿ ದಡದಡ ಮೆಟ್ಟಿಲು ಹತ್ತಿದ.

ಸ್ವಲ್ಪ ಹೊತ್ತಿಗೆ ಮೇಲಿಂದ ಎರಡು ಜೊತೆ ಬೂಟುಗಳ ಸದ್ದು ಇಳಿಯತೊಡಗಿತು. ಯಾರೂ ಸ್ವಿಚ್ ಹಾಕಲಿಲ್ಲ.